ಸೇಫಿನ ಕೀ ಇದ್ದ ಮ್ಯಾನೇಜರ್

ಅವರ ಬಲಭುಜ ಎಡಭುಜಕ್ಕಿಂತ ಚೂರು ಕೆಳಗಿತ್ತು. ಲಿಫ್ಟಿನ ಕನ್ನಡಿಯ ಮುಂದೆ ತಲೆ ಬಾಚುವಾಗ ಕೈ ಎತ್ತಲಾಗದೆ, ತಲೆಯನ್ನೇ ಬಾಚಣಿಗೆಯ ಕಡೆಗೆ ಬಗ್ಗಿಸುತ್ತಿದ್ದರು. ತೊಂಬತ್ತರ ದಶಕದ ಅಬುಧಾಬಿ, ಹಮ್ದಾನ್ ಸ್ಟ್ರೀಟ್; ಅವರು ನಮ್ಮ ಎದುರು ಫ್ಲ್ಯಾಟಿನವರು.

ಉಡುಪಿ ಕಡೆಯ ಫಾಸ್ಟ್ ಬೌಲರ್. ನನ್ನ ಗಂಡ ದುಡಿಯುತ್ತಿದ್ದ ಕಂಪನಿಗೆ ಕ್ರಿಕೆಟ್ ಟೀಮ್ ಇತ್ತು. ಇವರನ್ನು ಕರೆಸಿದ್ದೇ ಅದಕ್ಕೆ. ವೀಸಾದಲ್ಲಿ ಕ್ಲರ್ಕ್, ರಜೆಯ ದಿನ ಶುಕ್ರವಾರ ಬೌಲರ್. ಇಂಜೆಕ್ಷನ್ ಕೊಡಿಸಿ ಕೊಡಿಸಿ ಬೌಲಿಂಗ್ ಮಾಡಿಸಿದರು. ಒಂದು ದಿನ ಭುಜ ಖಲಾಸ್. ಊರಿಗೆ ಹೋಗುತ್ತೇನೆಂದರೆ ಬಾಸ್ ಬಿಡಲಿಲ್ಲ, ಪ್ರಮೋಷನ್ ಕೊಟ್ಟ: ಟೀಮ್ ಮ್ಯಾನೇಜರ್! ಊರಿನಿಂದ ಹೊಸ ಬೌಲರುಗಳನ್ನು ತರಿಸಬೇಕು, ಬಂದ ದಿನವೇ ಅವರ ಪಾಸ್‌ಪೋರ್ಟ್ ಪಡೆದು ಆಫೀಸಿನ ಸೇಫಿನಲ್ಲಿಡಬೇಕು. ಇವರ ಸ್ವಂತದ್ದೂ ಅಲ್ಲೇ ಇತ್ತು.

"ಕೀ ನಿಮ್ಮ ಹತ್ತಿರವೇ ಉಂಟಲ್ಲ, ತೆಗೆದುಕೊಂಡು ಹೋಗಿ ಮಾರಾಯ್ರೆ," ಎಂದಿದ್ದೆ.

"ಓಡಿಹೋದ ಅಂತ ಕೇಸ್ ಹಾಕ್ತಾರೆ ಅಕ್ಕಾ, ಏರ್‌ಪೋರ್ಟಲ್ಲೇ ಹಿಡೀತಾರೆ. ಔಟಾದವನನ್ನೂ ಹೊರಗೆ ಬಿಡದ ಮ್ಯಾಚ್ ಇದು!" ನಗುವವರು ಅವರೊಬ್ಬರೇ. ಪೂರ್ ಮ್ಯಾನ್.

ಕೊನೆಗೊಮ್ಮೆ ಬಾಸ್ ಮಾತು ಕೊಟ್ಟ: ಈ ಸೀಸನ್ ಮುಗಿಯಲಿ, ರಿಲೀಸ್, ಊರಿಗೆ ಹೋಗಬಹುದು. ಅವರು ಕಂಬಳಿ, ಟಾರ್ಚು, ಹೆಂಡತಿಗೆ ಸೆಂಟು ಎಲ್ಲ ಕೊಂಡು ಕಾರ್ಟನ್ನಿಗೆ ಹಗ್ಗ ಬಿಗಿದಿದ್ದರು.

ಅದೇ ವಾರ ಮಂಗಳೂರಿನಿಂದ ನನಗೆ ಫೋನ್: ಅಮ್ಮ ಆಸ್ಪತ್ರೆಯಲ್ಲಿ, ಬೇಗ ಬಾ. ಗಂಡ ಸಮುದ್ರದ ಎಣ್ಣೆ ರಿಗ್‌ನಲ್ಲಿ. ವೀಸಾ ರಿನ್ಯೂವಲ್‌ಗೆಂದು ಕಂಪನಿಗೆ ಕೊಟ್ಟ ನನ್ನ ಪಾಸ್‌ಪೋರ್ಟ್, ಕೆಲಸ ಮುಗಿದರೂ ಅದೇ ಸೇಫಿನಲ್ಲಿ. ಬಾಸ್ ಲಂಡನ್ನಿನಲ್ಲಿ. ಅವನ ಪರ್ಮಿಷನ್ ಇಲ್ಲದೆ ಕೊಡುವ ಹಾಗಿಲ್ಲ, ಶನಿವಾರ ನೋಡೋಣ ಎಂದಿತು ಆಫೀಸು. ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷೆಲ್ಲ ಆ ಕೌಂಟರಿನ ಮುಂದೆ ಒಣಗಿಹೋಯಿತು.

ಗುರುವಾರ ಮಧ್ಯಾಹ್ನ ಅವರು ಬಾಗಿಲಲ್ಲಿ ನಿಂತು ಪಾಸ್‌ಪೋರ್ಟ್ ಚಾಚಿದರು.

"ಕೇಳದೆ ತೆಗೆದಿರಾ? ನಿಮ್ಮ ರಿಲೀಸ್?"

"ಕೈಯಿಂದ ಬಿಟ್ಟ ಬಾಲನ್ನು ಓಡಿಹೋಗಿ ಹಿಡೀಲಿಕ್ಕೆ ಆಗ್ತದಾ ಅಕ್ಕಾ? ಯಲ್ಲಾ, ಹೊರಡಿ, ಟ್ಯಾಕ್ಸಿ ಕಾಯ್ತಾ ಉಂಟು."

"ಹಾಗಿದ್ರೆ ನಿಮ್ಮದೂ ತೆಗೀಬಹುದಿತ್ತಲ್ಲ!"

"ಅದು ನನಗೋಸ್ಕರ ಮಾಡಿದ ಹಾಗಾಗ್ತದೆ. ನಡೀರಿ ನಡೀರಿ."

ಅಮ್ಮ ನನ್ನ ಕೈಯಿಂದ ಗಂಜಿ ಕುಡಿದರು. "ಇಷ್ಟು ದೂರ ಯಾಕೆ ಬಂದಿ?" ಎಂದು ಗದರಿದರು. ಮರುದಿನ ಹೋದರು.

ನಾನು ಮರಳಿದಾಗ ಎದುರು ಫ್ಲ್ಯಾಟಿಗೆ ಬೇರೆಯವರು ಬಂದಿದ್ದರು. ರಿಲೀಸ್ ರದ್ದು ಮಾಡಿ ಅವರನ್ನು ದುಬೈಯ ಅಲ್ ಕೂಜ್ ಗೋದಾಮಿಗೆ ಹಾಕಿದ್ದರು. ಗಂಡನೊಡನೆ ಹೋಗಿ ಬಾಸ್‌ನನ್ನು ಬೇಡಿದೆ, ಕಾಲು ಹಿಡಿಯುವುದೊಂದು ಬಾಕಿ; ಮಾಫಿ ಫಾಯ್ದಾ, ಏನೂ ಪ್ರಯೋಜನವಾಗಲಿಲ್ಲ. ಗೋದಾಮಿಗೆ ಊಟ ಒಯ್ದಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ: "ಅಮ್ಮ ಎಂತ ಹೇಳಿದ್ರು ಅಕ್ಕಾ?" ನಾನು ಪ್ರತಿ ಸಲ ಹೇಳುತ್ತಿದ್ದೆ, ಅವರು ಪ್ರತಿ ಸಲ ನಗುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ, ಗೋದಾಮಿನಲ್ಲೇ, ಅವರ ಹೃದಯ ನಿಂತಿತು. ಆಗ ಕಂಪನಿ ಅವರ ಪಾಸ್‌ಪೋರ್ಟನ್ನು ಒಂದೇ ದಿನದಲ್ಲಿ ಹೊರಗೆ ಕೊಟ್ಟಿತು.