ಅತ್ತೆಗೆ ಕೇಳಿಸಿದ ನಿಲುಗಡೆ

ಶಕುನ, ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ಮೆಲ್ಲಗೆ ಜಾಗ ಖಾಲಿ ಮಾಡುವ ಜಾತಿ ನನ್ನದು. ಚೆನ್ನೈ ಹತ್ತಿರದ ಮಣಲಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ತಪಾಸಣೆ ನನ್ನ ಕೆಲಸವಾಗಿತ್ತು. ಅಲ್ಲಿ ಒತ್ತಡ, ಉಷ್ಣತೆ, ಅದುರು, ಎಲ್ಲಕ್ಕೂ ಒಂದೊಂದು ಮೀಟರು. ಮೀಟರು ತೋರಿಸದ್ದು ಇಲ್ಲವೇ ಇಲ್ಲ ಎಂದೇ ನಂಬಿದ್ದೆ. ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನನ್ನ ಎದೆ ಆಗಾಗ ಕಾರಣವಿಲ್ಲದೆ ಓಡತೊಡಗುತ್ತಿತ್ತು. ಆಸ್ಪತ್ರೆಯಲ್ಲಿ ಅಬ್ಲೇಷನ್ ಮಾಡಿದರು. ಅಂದರೆ ತೊಡೆಸಂದಿನ ರಕ್ತನಾಳದಲ್ಲಿ ಸಣ್ಣ ತಂತಿ ತೂರಿಸಿ, ಹೃದಯದೊಳಗೆ ತೊಂದರೆ ಕೊಡುತ್ತಿದ್ದ ಎಳೆಯನ್ನು ಸುಟ್ಟುಹಾಕುವುದು. ಓಟವೇನೋ ನಿಂತಿತು. ಆದರೆ ಹೃದಯದ ಮೇಲ್ಕೋಣೆಯಿಂದ ಕೆಳಕೋಣೆಗೆ ಸಂಕೇತ ಇಳಿಯುವ ದಾರಿ ಅದರ ಪಕ್ಕದಲ್ಲೇ ಇರುತ್ತದೆ. ಅದಕ್ಕೂ ಬಿಸಿ ತಾಗಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಆಮೇಲೆ ಎರಡು ಸಲ ನನಗೆ ಕಣ್ಣು ಕತ್ತಲಿಟ್ಟಿತು. ಆ ದಾರಿ ಆಗೊಮ್ಮೆ ಈಗೊಮ್ಮೆ ಮುಚ್ಚಿಕೊಳ್ಳುತ್ತಿರಬೇಕು, ಪೇಸ್‌ಮೇಕರ್ ಹಾಕೋಣ ಎಂದರು ಡಾಕ್ಟರು. ಚೆನ್ನೈ ಬಿಸಿಲಿಗೆ ಯಾರಿಗೆ ತಲೆ ತಿರುಗುವುದಿಲ್ಲ ಎಂದೆ ನಾನು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ತೆಗೆದ ಇಸಿಜಿಗಳೆಲ್ಲ ಚೊಕ್ಕವಾಗಿಯೇ ಇದ್ದವು, ಹಾಗಾಗಿ ಪುರಾವೆ ತೋರಿಸಿ ಎಂದು ಹಟ ಹಿಡಿದೆ.

ಮುಂದಿನ ವಾರ ಕಾರ್ಖಾನೆಯ ಎತ್ತರದ ಗೋಪುರಗಳನ್ನು ಹತ್ತಿ ಪರೀಕ್ಷೆ ಮಾಡುವುದಿತ್ತು. ಎದೆಯಲ್ಲಿ ಬ್ಯಾಟರಿ ಇಟ್ಟುಕೊಂಡವನನ್ನು ಮೇಜಿನ ಮುಂದೆ ಕೂರಿಸಿಬಿಡುತ್ತಾರೆ ಎಂಬ ಭಯ ನನಗೆ. ಅಷ್ಟೆತ್ತರದಲ್ಲಿ ಕಣ್ಣು ಕತ್ತಲಿಟ್ಟರೆ ಗತಿಯೇನು ಎಂಬ ಭಯ ನನ್ನ ಹೆಂಡತಿ ಸುಧಾಳಿಗೆ. ಅವಳ ಒತ್ತಾಯಕ್ಕೆ ಒಂದು ದಿನದ ಮಟ್ಟಿಗೆ ಹೋಲ್ಟರ್ ಕಟ್ಟಿಸಿಕೊಂಡೆ. ಎದೆಗೆ ಅಂಟಿಸಿದ ತಂತಿಗಳು, ಸೊಂಟಕ್ಕೊಂದು ಪೆಟ್ಟಿಗೆ. ಹೃದಯದ ಪ್ರತಿ ಬಡಿತವೂ ಅದರಲ್ಲಿ ದಾಖಲಾಗುತ್ತದೆ. ಏನಾದರೂ ಹೆಚ್ಚುಕಡಿಮೆ ಅನ್ನಿಸಿದರೆ ಒತ್ತಲು ಒಂದು ಗುಂಡಿಯಿತ್ತು. ಒತ್ತಿದ ಕ್ಷಣಕ್ಕೆ ಗುರುತು ಬೀಳುತ್ತಿತ್ತು.

ಅಡ್ಯಾರಿನ ನಮ್ಮ ಮನೆಯಲ್ಲಿ ಸುಧಾಳ ತಾಯಿಯೂ ಇದ್ದರು. ತಲೆಮಾರುಗಳಿಂದ ಮದರಾಸಿನಲ್ಲಿ ನೆಲೆಸಿದ ವೈಷ್ಣವ ಮನೆತನ. ಅವರ ಕನ್ನಡದಲ್ಲಿ ತಮಿಳು ಧಾರಾಳ, ನನ್ನ ಮೈಸೂರು ಕನ್ನಡ ಅವರಿಗೆ ‘ನಾಟಕದ ಕನ್ನಡ’. ಕಿವಿ ಬಹಳ ಮಂದ, ಬಾಗಿಲ ಬೆಲ್ಲೂ ಕೇಳುತ್ತಿರಲಿಲ್ಲ. ಆದರೆ ಇಡ್ಲಿಗೆ ರುಬ್ಬುವಾಗ ಗ್ರೈಂಡರಿನ ಕಲ್ಲು ನಿಂತರೆ ಯಾವ ಮೂಲೆಯಲ್ಲಿದ್ದರೂ ಅವರಿಗೆ ತಿಳಿಯುತ್ತಿತ್ತು. ನೆಲದ ಅದುರಿನಿಂದ ಗೊತ್ತಾಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ.

ಆ ಮಧ್ಯಾಹ್ನ ನಾನು ಪೇಪರ್ ಓದುತ್ತಿದ್ದೆ. ಅತ್ತೆ ನನಗೆ ಬೆನ್ನು ಮಾಡಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಇದ್ದಕ್ಕಿದ್ದಂತೆ ಕೂಗಿದರು: “ಏನ್ಡಿ ಸುಧಾ, ಗ್ರೈಂಡರ್ ಯಾಕೆ ನಿಂತೋಯ್ತು? ಕರೆಂಟ್ ಪೋಚ್ಚಾ?”

“ಇವತ್ತು ಅಕ್ಕಿ ನೆನೆಹಾಕೇ ಇಲ್ಲಮ್ಮಾ!” ಸುಧಾ ಬಂದು ಅವರ ಕಿವಿಯ ಬಳಿ ಕಿರುಚಿದಳು.

ನನಗೆ ಏನೂ ಆಗಿರಲಿಲ್ಲ, ಬರೀ ನಗು ಬಂತು. ಅತ್ತೆಯ ಭ್ರಮೆಯೂ ದಾಖಲಾಗಲಿ ಎಂದು ತಮಾಷೆಗೆ ಗುಂಡಿ ಒತ್ತಿದೆ. ಸಂಜೆ ನಾನು ಬಾಲ್ಕನಿಯಲ್ಲಿದ್ದಾಗ ಒಳಗಿನಿಂದ ಮತ್ತೆ ಅದೇ ಕೂಗು, ಮತ್ತೆ ಒತ್ತಿದೆ. ಮರುದಿನ ಬೆಳಿಗ್ಗೆ ಇನ್ನೊಂದು ಸಲ. “ಈ ಪೆಟ್ಟಿಗೆ ನಿಮ್ಮಮ್ಮನಿಗೆ ಕಟ್ಟಬೇಕಾಗಿತ್ತು ಕಣೇ” ಎಂದು ಸುಧಾಳನ್ನು ರೇಗಿಸಿದೆ.

ಪೆಟ್ಟಿಗೆ ವಾಪಸು ಕೊಟ್ಟ ಮೇಲೆ ಡಾಕ್ಟರು ಕರೆಸಿದರು. ಗ್ರಾಫು ಮುಂದೆ ಹರಡಿಕೊಂಡು, ಇದೆಲ್ಲ ನಿಮಗೆ ಹೇಗೆ ಗೊತ್ತಾಯಿತು ಎಂದು ಅವರೇ ನನ್ನನ್ನು ಕೇಳಿದರು. ಮೂರು ಕಡೆ ಹೃದಯ ಕೆಲವು ಸೆಕೆಂಡು ಬಡಿಯದೆ ನಿಂತು ಮತ್ತೆ ಹೊರಟಿತ್ತು. ಮೂರರ ಬೆನ್ನಿಗೂ ನನ್ನ ಗುಂಡಿಯ ಗುರುತು. ಗುರುತಿಲ್ಲದ ನಿಲುಗಡೆ ಒಂದೂ ಇರಲಿಲ್ಲ. ಆರಾಮವಾಗಿ ಕೂತವರಿಗೆ ಇಷ್ಟು ಸಣ್ಣ ನಿಲುಗಡೆ ತಿಳಿಯುವುದು ಅಪರೂಪ ಎಂದರು. ನನಗೂ ತಿಳಿದಿರಲಿಲ್ಲವಲ್ಲ! ಅತ್ತೆಯ ವಿಷಯ ಬಾಯಿಬಿಡಲಿಲ್ಲ. ಪೇಸ್‌ಮೇಕರ್ ಯಾವತ್ತು ಹಾಕುತ್ತೀರಿ ಎಂದಷ್ಟೇ ಕೇಳಿದೆ.

ಕಾರಣ ಹುಡುಕದೆ ಬಿಟ್ಟವನಲ್ಲ ನಾನು. ನನ್ನ ಮುಖ ಬಿಳಿಚಿದ್ದನ್ನು ಅವರು ಕಂಡರೋ? ನೋಡಲು ಅವರ ಬೆನ್ನಿಗೆ ಕಣ್ಣಿರಬೇಕಿತ್ತು. ನೆಲ ಅದುರಿತೆ? ಹೃದಯದ ಬಡಿತಕ್ಕೆ ನೆಲ ಅದುರುವುದಿಲ್ಲ. ಕಾಕತಾಳೀಯವೆಂದರೆ ಒಂದು ಸಲಕ್ಕೆ ಒಪ್ಪಿಯೇನು, ಮೂರಕ್ಕೂ ಹೇಗೆ ಒಪ್ಪಲಿ?

ಪೇಸ್‌ಮೇಕರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಅತ್ತೆಯ ಪಕ್ಕ ಕೂತು, ಅವತ್ತು ನಿಮಗೆ ಕೇಳಿಸಿದ್ದೇನು ಎಂದು ಗಟ್ಟಿಯಾಗಿ ಕೇಳಿದೆ.

“ಗ್ರೈಂಡರ್ ಅಂತಾನೇ ನೆನೆಸ್ಕೊಂಡೆ, ಅಳಿಯಂದ್ರೇ. ಓಡ್ತಾ ಇರೋದು ಟಕ್ ಅಂತ ನಿಂತ್ರೆ ಮನೆ ಎಲ್ಲ ಸುಮ್ನಾಗತ್ತಲ್ಲಾ, ಆ ಥರ.” ಸೆರಗು ಸರಿಮಾಡಿಕೊಂಡು ಮುಂದುವರಿಸಿದರು: “ನಿಮ್ಮ ಮಾವ ಹೋದ ದಿನಾನೂ ಹಂಗೇ ಆಯ್ತು. ಯಾಕೆ ನಿಂತೋಯ್ತು ಅಂತ ಅಡಿಗೆಮನೆಯಿಂದ ಕೂಗಿ ಕೂಗಿ ಕೇಳ್ದೆ. ನನ್ನ ಬಿಟ್ರೆ ಅವರೊಬ್ರೇ ಇದ್ದದ್ದು ಮನೇಲಿ. ಯಾರು ಜವಾಬು ಹೇಳ್ಬೇಕು?”

ಅತ್ತೆ ಈಗಿಲ್ಲ. ನಾನು ಬದುಕಿದ್ದೇನೆ, ಗಟ್ಟಿಯಾಗಿಯೇ ಇದ್ದೇನೆ. ಕಿವಿ ಕೇಳದ ಅವರಿಗೆ ಅದು ಹೇಗೆ ಕೇಳಿಸಿತು ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.