ಐವತ್ತು ದಿನದ ಸಸಿ

ನಾನೂ ಒಂದು ಕಾಲಕ್ಕೆ ಚಿಕ್ಕವಳೇ ಆಗಿದ್ದೆ, ನಂಬುವುದಾದರೆ ನಂಬಿ ಮಕ್ಕಳೇ. ಆಗ ನಾವು ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯ ಒಂದು ಕಾಫಿ ತೋಟದ ಲೈನಿನಲ್ಲಿದ್ದೆವು. ಲೈನು ಎಂದರೆ ಆಳುಗಳಿಗೆಂದು ಒಂದಕ್ಕೊಂದು ಅಂಟಿಸಿ ಕಟ್ಟಿದ ಮನೆಗಳ ಸಾಲು. ತೋಟ ಬಿಳಿ ದೊರೆಯದು. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಬರುತ್ತದೆ ಎಂದು ನಮಗೆ ಯಾರೂ ಹೇಳಿಯೂ ಇರಲಿಲ್ಲ. ಅವ್ವ ತೀರಿಕೊಂಡಿದ್ದಳು. ಅಪ್ಪ ಕಣದಲ್ಲಿ ಕಾಫಿ ಒಣಗಿಸುತ್ತಿದ್ದ. ಅಕ್ಕ ಸಸಿ ಮಡಿಗಳಿಗೆ ನೀರು ಹೊರುತ್ತಿದ್ದಳು. ನಾನು ಶಾಲೆಗೆ ಹೋಗುತ್ತಿದ್ದೆ.

ಓದಿನ ಆಸೆಗೆ ಹೋಗುತ್ತಿದ್ದೆ ಎಂದುಕೊಳ್ಳಬೇಡಿ. ಶಾಲೆಯಲ್ಲಿ ಕೂರಬಹುದಿತ್ತು, ಅಷ್ಟೇ. ತೋಟದಲ್ಲಿ ನಿಂತರೆ ಸಂಜೆಯವರೆಗೆ ನಿಂತೇ ಇರಬೇಕು, ಬಗ್ಗಿದರೆ ಬಗ್ಗಿಯೇ ಇರಬೇಕು. ಶಾಲೆಯೆಂದರೆ ಹಂಚಿನ ಒಂದು ಕೋಣೆ, ಸಗಣಿ ಸಾರಿಸಿದ ನೆಲ, ಒಂದು ಕರಿಹಲಗೆ, ಒಬ್ಬರೇ ಮೇಷ್ಟ್ರು. ಅವರು ಕಡೂರಿನ ಕಡೆಯ ಬಯಲುಸೀಮೆಯವರು. ತೆಳ್ಳಗಿನ ಮನುಷ್ಯ. ನಮ್ಮ ಚಳಿ ತಡೆಯಲಾರದೆ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡೇ ಪಾಠ ಹೇಳುತ್ತಿದ್ದರು.

ಆ ವರ್ಷ ಹಣ್ಣು ಕೊಯ್ಯುವ ಕಾಲದಲ್ಲಿ ಮೇಷ್ಟ್ರನ್ನು ಚಿಕ್ಕಮಗಳೂರಿಗೆ ತರಬೇತಿಗೆ ಕರೆದರು. ಮಕ್ಕಳಿಗೆ ಬರೀ ಬಾಯಿಪಾಠ ಮಾಡಿಸದೆ ಗಿಡ, ಗಾಳಿ, ನೀರು ತೋರಿಸಿ ಪಾಠ ಹೇಳುವುದು ಹೇಗೆ ಎಂದು ಮೇಷ್ಟ್ರುಗಳಿಗೇ ಕಲಿಸುವ ತರಬೇತಿ. ಒಂದು ತಿಂಗಳು. ಇರುವವರು ಒಬ್ಬರೇ ಆದ್ದರಿಂದ ಶಾಲೆಗೆ ಬೀಗ ಬಿತ್ತು. ಬೀಗ ಬಿದ್ದ ಮಾರನೆಯ ದಿನವೇ ಅಪ್ಪ ನನ್ನನ್ನು ಅಕ್ಕನ ಜೊತೆ ಕೆಲಸಕ್ಕೆ ಅಟ್ಟಿದ. ಮಡಿಗಳಲ್ಲಿ ಕಾಫಿ ಬೀಜ ಊರುವುದು, ಮೇಲೆ ಒಣಹುಲ್ಲು ಹೊದಿಸುವುದು, ಹಳ್ಳದಿಂದ ಕೊಡದಲ್ಲಿ ನೀರು ತಂದು ಚಿಮುಕಿಸುವುದು. ಹಳ್ಳ ಕೆಳಗೆ, ಮಡಿ ಮೇಲೆ. ತಿಂಗಳು ಮುಗಿಯುವುದರೊಳಗೆ ನನ್ನ ನೆತ್ತಿಯ ಕೂದಲು ಸವೆದುಹೋಗಿತ್ತು.

ಶಾಲೆ ತೆರೆದ ದಿನ ಅಪ್ಪ ಒಂದೇ ಮಾತು ಹೇಳಿದ. "ಈ ಸಲ ಹೋಗು. ಇನ್ನೊಂದ್ಸಲ ಬೀಗ ಬಿತ್ತು ಅಂದ್ರೆ ಮೇಸ್ತ್ರಿ ಹತ್ರ ನಿನ್ನ ಹೆಸರು ಹೇಳಿಬಿಡ್ತೀನಿ. ಆಮೇಲೆ ಶಾಲೆ ಗೀಲೆ ಅಂತ ಅಳಬಾರ್ದು."

"ಅಳಲ್ಲ," ಎಂದೆ. ಮೇಸ್ತ್ರಿ ಎಂದರೆ ತೋಟದಲ್ಲಿ ಆಳುಗಳಿಂದ ಕೆಲಸ ಮಾಡಿಸುವವನು; ಅವನ ಪಟ್ಟಿಗೆ ಹೆಸರು ಬಿತ್ತೆಂದರೆ ನಾನೂ ಆಳೇ.

ಮೇಷ್ಟ್ರು ತರಬೇತಿಯಿಂದ ಒಂದು ತಗಡಿನ ಪೆಟ್ಟಿಗೆ ತಂದಿದ್ದರು. ಅದರೊಳಗೆ ಒಂದು ಭೂತಗನ್ನಡಿ, ಸೂಜಿ ಎಳೆಯುವ ಅಯಸ್ಕಾಂತ, ಎರಡು ಗಾಜಿನ ಲೋಟ, ಹತ್ತಿಯ ಉಂಡೆ, ಒಂದು ಪುಸ್ತಕ. ಭೂತಗನ್ನಡಿಯಲ್ಲಿ ನನ್ನ ಅಂಗೈ ನೋಡಿಕೊಂಡೆ. ಗೆರೆಗಳ ಒಳಗೆ ಮಡಿಯ ಮಣ್ಣು ಇನ್ನೂ ಕೂತಿತ್ತು. ಮೇಷ್ಟ್ರು ಮೊದಲಿಗಿಂತ ಜೋರಾಗಿದ್ದರು. "ಪುಸ್ತಕ ಹೇಳ್ತು, ಮೇಷ್ಟ್ರು ಹೇಳಿದ್ರು ಅಂತ ಇನ್ಮೇಲೆ ಹೇಳಂಗಿಲ್ಲ. ಕಣ್ಣಾರೆ ಕಂಡದ್ದನ್ನ ಹೇಳಬೇಕು. ಅದೇ ವಿಜ್ಞಾನ," ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು. ಅಲ್ಲಿ ಅವರಿಗೆ ಹಾಗೆ ಹೇಳಿಕೊಟ್ಟಿದ್ದರಂತೆ.

ಕಲಿತದ್ದನ್ನು ಹೇಗೆ ಕಲಿಸುತ್ತಾರೆ ಎಂದು ನೋಡಲು ಇನ್‌ಸ್ಪೆಕ್ಟರು ಬರುವವರಿದ್ದರು. ಬೀಜ ಮೊಳೆಯುವ ಪಾಠ ತೋರಿಸಬೇಕಿತ್ತು. ಒದ್ದೆ ಹತ್ತಿಯಲ್ಲಿ ಅವರೆಕಾಳು ಇಡಿ, ನಾಲ್ಕು ದಿನಕ್ಕೆ ಮೊಳೆಯುತ್ತದೆ ಎಂದು ಪುಸ್ತಕದಲ್ಲಿತ್ತು. ನಮ್ಮ ಮೇಷ್ಟ್ರಿಗೆ ಅವರೆಕಾಳು ಸಾಲಲಿಲ್ಲ. ಕಾಫಿ ಸೀಮೆಯ ಮಕ್ಕಳಿಗೆ ಕಾಫಿ ಬೀಜವನ್ನೇ ಮೊಳೆಸಿ ತೋರಿಸುತ್ತೇನೆ ಎಂದು ಹೊರಟರು. ಅವರೆಗೆ ನಾಲ್ಕು ದಿನವಾದರೆ ಕಾಫಿ ಗಟ್ಟಿ ಬೀಜ, ಎಂಟು ದಿನ ಸಾಕು ಎಂದು ಅವರೇ ಲೆಕ್ಕ ಹಾಕಿದರು. ಅಪ್ಪನ ಹತ್ತಿರ ಒಂದು ಹಿಡಿ ಬೀಜ ಕೇಳಿದರು. ಅಪ್ಪ ಕಣದಲ್ಲಿ ಒಣಗಿ ಕಟಕಟ ಎನ್ನುತ್ತಿದ್ದ ಕಾಫಿಯನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಹೋಗಿ ಕೊಟ್ಟು ಬಂದ.

ಎಂಟು ದಿನವಾಯಿತು. ಹತ್ತಿ ಹಸಿರಾಯಿತು, ಬೀಜ ಹಾಗೆಯೇ ಇತ್ತು. ಬೇರೆ ಬೀಜ ಇಟ್ಟರು. ಅದಕ್ಕೆ ಬೂಸಲು ಬಂತು. ಕೋಣೆಯೆಲ್ಲ ಹುಳಿ ವಾಸನೆ. ನಾನು ತಡೆಯಲಾರದೆ ಹೇಳಿದೆ, "ಮೇಷ್ಟ್ರೇ, ಅದು ಸತ್ತ ಬೀಜ. ಬಿಸಿಲಿಗೆ ಒಣಗಿದ್ದು ಹುಟ್ಟಲ್ಲ."

"ನಿನ್ನನ್ನ ಕೇಳಿದ್ನಾ? ಕೂತ್ಕೋ," ಎಂದರು.

ಮನೆಗೆ ಬಂದು ಹೇಳಿದರೆ ಅಪ್ಪ ತಲೆ ಕೆರೆದುಕೊಂಡ. "ಹುಟ್ಟಿಸೋಕಾ ಕೇಳಿದ್ದು? ಹುರಿದು ಕುಡಿಯೋಕೆ ಅಂತ ಮಾಡಿದ್ದೆ. ಪಾಪ, ಚಳಿಗೆ ನಡುಗ್ತಾರಲ್ಲ ಅಂತ ಒಳ್ಳೆ ಒಣಗಿದ್ದೇ ಆರಿಸಿ ಕೊಟ್ಟೆ."

ಅಕ್ಕ ನಕ್ಕು ನಕ್ಕು ಗೋಡೆಗೆ ಒರಗಿದಳು. "ಎಂಟು ದಿನಕ್ಕೆ ಕಾಫಿ ಹುಟ್ಟುತ್ತಂತೆ! ಹಂಗಿದ್ರೆ ನಾನ್ಯಾಕೆ ಹಿಂಗೆ ಸಾಯ್ತಿದ್ದೆ ಮಾರಾಯ್ತಿ, ಮೇಷ್ಟ್ರ ಲೋಟದಲ್ಲೇ ತೋಟ ಮಾಡಬಹುದಿತ್ತು."

ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮೇಷ್ಟ್ರು ನನ್ನನ್ನು ಹೊರಗೆ ಕರೆದರು. ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. "ನಿಮ್ಮಕ್ಕ ಸಸಿ ಮಡಿ ಕೆಲಸ ಅಲ್ವೇನೇ? ಆಗತಾನೆ ಹುಟ್ಟಿದ ಸಸಿ ಆರು ತಂದುಕೊಡ್ತಾಳಾ ಕೇಳು. ಪಾಠ ಸರಿ ಬರ್ಲಿಲ್ಲ ಅಂದ್ರೆ ನನ್ನನ್ನ ಮತ್ತೆ ತರಬೇತಿಗೆ ಹಾಕ್ತಾರೆ. ಶಾಲೆ ಮುಚ್ಚಬೇಕಾಗುತ್ತೆ."

ಶಾಲೆ ಮುಚ್ಚುವುದು ಎಂದರೆ ಏನೆಂದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ತರುತ್ತೇನೆ ಎಂದೆ.

ಮಾರನೆಯ ಬೆಳಿಗ್ಗೆ ಅಕ್ಕ ನನ್ನನ್ನು ಮೇಸ್ತ್ರಿ ಬರುವ ಮೊದಲೇ ಮಡಿಗೆ ಕರೆದುಕೊಂಡು ಹೋದಳು. ಮಂಜು ಎದುರಿನ ಮರವನ್ನೂ ನುಂಗಿತ್ತು. ಬೀಜ ಬಿಡಿಸಿ ಎಸೆದ ಕಾಫಿ ಹಣ್ಣಿನ ಸಿಪ್ಪೆಯ ಕೊಳೆತ ಸಿಹಿ ವಾಸನೆ ಹಳ್ಳದ ಕಡೆಯಿಂದ ಬರುತ್ತಿತ್ತು. ಬರಿಗಾಲಿಗೆ ನೆಲ ಕೊರೆಯುತ್ತಿತ್ತು. ಚಪ್ಪರದ ಕೆಳಗೆ ಹುಲ್ಲು ತೆಗೆದ ಮಡಿಗಳಲ್ಲಿ ಸಸಿಗಳು ನಿಂತಿದ್ದವು, ಪ್ರತಿಯೊಂದರ ತಲೆಯ ಮೇಲೂ ಅದು ಹುಟ್ಟಿದ ಬೀಜ. ಬುಟ್ಟಿ ಹೊತ್ತ ಹೆಂಗಸರು ಸಾಲಾಗಿ ನಿಂತ ಹಾಗೆ. ನೀವು ಚೆಂದ ಎನ್ನುತ್ತೀರಿ. ನನಗೆ ಕತ್ತು ನೋವು ನೆನಪಾಯಿತು.

ಅಕ್ಕ ಮೊಣಕಾಲೂರಿ ಬೇರು ಹರಿಯದಂತೆ ಮಣ್ಣಿನ ಸಮೇತ ಆರು ಸಸಿ ಎತ್ತಿದಳು. ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಅವಳ ಬೆರಳುಗಳು ಚಳಿಗೆ ಬಿರಿದು ರಕ್ತ ಒಸರುತ್ತಿತ್ತು. "ಐವತ್ತು ದಿನ ನೀರು ಹೊತ್ತಿದೀವಿ ಇವಕ್ಕೆ, ನೀನೂ ನಾನೂ. ಜೋಪಾನ," ಎಂದಳು. ಅಷ್ಟರಲ್ಲಿ ಮೇಸ್ತ್ರಿ ಕೂಗು ಹಾಕಿದ. ಅಕ್ಕ ಕೊಡ ಎತ್ತಿಕೊಂಡು ಇಳಿದಳು, ನಾನು ಹತ್ತಿದೆ.

ಮೇಷ್ಟ್ರು ಸಸಿಗಳನ್ನು ಲೋಟದ ಹತ್ತಿಯಲ್ಲಿ ನಿಲ್ಲಿಸಿದರು. ಬೇರಿನ ಮಣ್ಣನ್ನು ತೊಳೆದು ತೆಗೆದರು. ಆಮೇಲೆ ನಮ್ಮೆಲ್ಲರಿಗೂ ಹೇಳಿಕೊಟ್ಟರು: ಎಷ್ಟು ದಿನ ಎಂದು ಕೇಳಿದರೆ ಎಂಟು ದಿನ ಅನ್ನಬೇಕು. ಐವತ್ತು ಎಂದರೆ, ನೀವು ತರಬೇತಿಯಿಂದ ಬಂದು ಅಷ್ಟು ದಿನವೇ ಆಗಿಲ್ಲವಲ್ಲ ಎಂದು ಇನ್‌ಸ್ಪೆಕ್ಟರು ಹಿಡಿದುಬಿಡುತ್ತಿದ್ದರು. ಎಂಟು, ಎಂಟು ಎಂದು ನಾವು ನಾಲ್ಕು ಸಲ ಒಟ್ಟಿಗೆ ಹೇಳಿದೆವು.

ಇನ್‌ಸ್ಪೆಕ್ಟರು ಎತ್ತಿನ ಗಾಡಿಯಲ್ಲಿ ಬಂದಿಳಿದರು. ದಪ್ಪಗಿದ್ದರು, ಸುಸ್ತಾಗಿದ್ದರು. ಕೋಟಿನ ಮೇಲೆಲ್ಲ ಕೆಂಧೂಳು. ಮೊದಲು ನೀರು ಕುಡಿದರು, ಕುರ್ಚಿಯ ಮೇಲೆ ಕೂತು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. ಮೇಷ್ಟ್ರು ಪಾಠ ಶುರು ಮಾಡಿದರು. ಬೇರು ಇದು, ಕಾಂಡ ಇದು, ಬೀಜದೊಳಗೆ ಸಸಿಗೆ ಬುತ್ತಿ ಇರುತ್ತದೆ. ಚೆನ್ನಾಗಿಯೇ ಹೇಳಿದರು. ನನಗೆ ಅದುವರೆಗೆ ಗೊತ್ತಿಲ್ಲದ ಸಂಗತಿ ಅದು, ತಲೆಯ ಮೇಲೆ ಹೊತ್ತಿರುವುದು ಬುತ್ತಿ ಎಂದು. ಇನ್‌ಸ್ಪೆಕ್ಟರು ಲೋಟವನ್ನು ಎತ್ತಿ ಬೆಳಕಿಗೆ ಹಿಡಿದರು.

"ಭೇಷ್. ಕಾಫಿ ಬೀಜವನ್ನೇ ಮೊಳೆಸಿದ್ದೀರಿ. ಎಷ್ಟು ದಿನ ಹಿಡೀತು ಮಕ್ಕಳೇ?"

"ಎಂಟು ದಿನಾ ಸಾರ್!"

ನಾನೂ ಹೇಳಿದೆ. ಎಲ್ಲರ ಜೊತೆ ಹೇಳುವುದು ಕಷ್ಟವಲ್ಲ. ಅವರು ಅಲ್ಲಿಗೆ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ನನ್ನ ಕಡೆ ಬೆರಳು ತೋರಿಸಿದರು. "ನೀನು ಹೇಳಮ್ಮ. ಕಣ್ಣಾರೆ ನೋಡಿದ್ದೀಯಾ, ಸುಮ್ನೆ ಹೇಳ್ತಿದ್ದೀಯಾ?"

ಎದ್ದು ನಿಂತೆ. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಹೊರಗೆ ಗಾಡಿಯ ಎತ್ತು ಹುಲ್ಲು ಮೆಲ್ಲುವುದು ಕೇಳುತ್ತಿತ್ತು. ಎಂಟು ಎನ್ನಲು ಬಾಯಿ ತೆರೆದೆ. ಅಕ್ಕ ಈ ಹೊತ್ತಿಗೆ ಎಷ್ಟನೆಯ ಕೊಡ ಹೊರುತ್ತಿರಬಹುದು ಎಂಬ ಲೆಕ್ಕ ಯಾಕೋ ತಲೆಗೆ ಬಂತು. ಎಂಟು ದಿನವಂತೆ. ಉಳಿದ ದಿನದ ನೀರು ಹೊತ್ತವರು ಯಾರು?

"ನೋಡಿದೀನಿ ಸಾರ್. ಐವತ್ತು ದಿನ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್‌ಸ್ಪೆಕ್ಟರು ಲೋಟ ಕೆಳಗಿಟ್ಟರು. "ಎಲ್ಲಿ ನೋಡಿದೆ?"

"ಮಡೀಲಿ. ನಾನೂ ಅಕ್ಕನೂ ನೀರು ಹಾಕಿದ್ದು."

ಮೇಷ್ಟ್ರು ಹೊಡೆಯುತ್ತಾರೆ ಎಂದು ತಲೆ ತಗ್ಗಿಸಿದೆ. ಹೊಡೆಯಲಿಲ್ಲ. "ಹೌದು ಸ್ವಾಮಿ," ಎಂದರು, ಮೆಲ್ಲಗೆ. "ನನ್ನ ಬೀಜ ಹುಟ್ಟಲಿಲ್ಲ. ಇವು ತೋಟದಿಂದ ತರಿಸಿದ್ದು."

"ಅವರೆಕಾಳು ಇಡಿ ಅಂತ ಹೇಳಿದ್ರಲ್ರೀ ನಿಮಗೆ?"

"ಈ ಮಕ್ಕಳಿಗೆ ಕಾಫಿ ಗೊತ್ತು, ಅದರಲ್ಲೇ ಹೇಳೋಣ ಅಂತ..."

"ಅವರಿಗೆ ಗೊತ್ತು. ನಿಮಗೆ ಗೊತ್ತಿಲ್ಲ." ಇನ್‌ಸ್ಪೆಕ್ಟರು ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟಿಗೂ ಅವರಲ್ಲಿ ಶಕ್ತಿ ಉಳಿದಿರಲಿಲ್ಲವೇನೋ. ಚೀಲದಿಂದ ಕಾಗದ ತೆಗೆದು ಬರೆದರು. "ಆರು ತಿಂಗಳ ತರಬೇತಿ ಒಂದಿದೆ. ನಿಮ್ಮ ಹೆಸರು ಹಾಕಿದ್ದೀನಿ. ಶಿಕ್ಷೆ ಅಂದುಕೋಬೇಡಿ ಮೇಷ್ಟ್ರೇ, ಚೆನ್ನಾಗಿ ಪಾಠ ಹೇಳ್ತೀರಿ. ಸರಿಯಾಗಿ ಕಲಿತು ಬನ್ನಿ."

"ಅಲ್ಲೀವರೆಗೆ ಶಾಲೆ?"

"ಇನ್ನೊಬ್ಬ ಮೇಷ್ಟ್ರನ್ನ ಎಲ್ಲಿಂದ ತರ್ಲಿ? ಮುಚ್ಚಿರಲಿ," ಎಂದು ಇನ್‌ಸ್ಪೆಕ್ಟರು ಗಾಡಿ ಹತ್ತಿದರು.

ಆ ದಿನ ಮಧ್ಯಾಹ್ನವೇ ಶಾಲೆ ಬಿಟ್ಟರು. ಮೇಷ್ಟ್ರು ಸಸಿಗಳನ್ನು ಲೋಟದಿಂದ ತೆಗೆದು ನನ್ನ ಕೈಗೆ ಕೊಟ್ಟರು. "ಮಡೀಲಿ ಊರಿಬಿಡು. ಬದುಕಿದ್ರೆ ಬದುಕ್ಲಿ," ಎಂದರು. ಆಮೇಲೆ ಬಾಗಿಲು ಎಳೆದುಕೊಂಡರು.

ಅಕ್ಕನಿಗೆ ಮಡಿಯ ಹತ್ತಿರವೇ ಹೇಳಿದೆ. ಅವಳು ಕೊಡ ಇಳಿಸಿ ನನ್ನ ತಲೆಗೆ ಒಂದು ಮೊಟಕಿದಳು. "ನಿನ್ನ ಬಾಯಿಗೆ ಬೂದಿ ಹಾಕ! ಎಂಟು ಅನ್ನೋಕೆ ಎಂತ ನೋವು ನಿಂಗೆ? ಕೂತು ತಿನ್ನೋ ಯೋಗ ಇಲ್ಲ ಕಣೇ ನಮ್ಮನೇಲಿ ಯಾರಿಗೂ." ಹೇಳುತ್ತಾ ಹೇಳುತ್ತಾ ಸಸಿಗಳನ್ನು ಮಣ್ಣಿಗೆ ಊರಿದಳು, ಕೈಯಲ್ಲೇ ನೀರು ಚಿಮುಕಿಸಿದಳು. ನಾನು ಐವತ್ತು ಎಂದದ್ದು ಯಾಕೆ ಎಂದು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಮೊಟಕುತ್ತಿದ್ದಳು.

ಅಪ್ಪ ಬೈಯಲಿಲ್ಲ. "ನಾಳೆ ಬೇಗ ಏಳು," ಎಂದ, ಅಷ್ಟೇ. ಬೆಳಿಗ್ಗೆ ಮೇಸ್ತ್ರಿ ಆಳುಗಳನ್ನು ಸಾಲು ನಿಲ್ಲಿಸಿ ಹೆಸರು ಕೂಗಿದಾಗ ಅಕ್ಕನ ಹೆಸರಿನ ಹಿಂದೆಯೇ ನನ್ನ ಹೆಸರೂ ಬಂತು. ನಾನು ಅಳಲಿಲ್ಲ. ಕಾಗುಣಿತ ಮುಗಿದಿತ್ತು, ಒತ್ತಕ್ಷರ ಅರ್ಧಕ್ಕೆ ನಿಂತಿತ್ತು. ಉಳಿದದ್ದು ಆಮೇಲೆ ಅಲ್ಲಿ ಇಲ್ಲಿ ನೋಡಿಕೊಂಡು ಕಲಿತದ್ದು.

ಮೇಷ್ಟ್ರು ಮಳೆಗಾಲ ಮುಗಿಯುವ ಹೊತ್ತಿಗೆ ತಿರುಗಿ ಬಂದರು. ಒಮ್ಮೆ ಲೈನಿಗೂ ಬಂದು ಅಪ್ಪನ ಹತ್ತಿರ ನನ್ನನ್ನು ಕಳಿಸಿ ಎಂದು ಕೇಳಿದರು. "ಹೆಸರು ಕೊಟ್ಟಾಗಿದೆ ಮೇಷ್ಟ್ರೇ," ಎಂದ ಅಪ್ಪ. ಕುಡಿಯಲು ಕಾಫಿ ಕೊಟ್ಟ. ಅವರು ಕುಡಿದು ಹೋದರು. ಆ ವರ್ಷ ಶಾಲೆಯ ಪಕ್ಕದಲ್ಲಿ ಅವರು ಒಂದು ಸಣ್ಣ ಮಡಿ ಮಾಡಿಸಿದರು. ಹಣ್ಣಿನಿಂದ ಆಗತಾನೆ ಬಿಡಿಸಿದ ಬೀಜಕ್ಕೆ ಬೂದಿ ಸವರಿ, ನೆರಳಲ್ಲಿ ಆರಿಸಿ, ಮಕ್ಕಳ ಕೈಯಲ್ಲೇ ಊರಿಸಿದರು. ದಿನಕ್ಕೊಂದು ಗೆರೆಯಂತೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಸುತ್ತಿದ್ದರು. ನಾನು ಹಣ್ಣಿನ ಬುಟ್ಟಿ ಹೊತ್ತು ಹೋಗುವಾಗ ಗೋಡೆ ಕಾಣುತ್ತಿತ್ತು. ಅವರು ನಿಜವಾಗಿ ಕಲಿತು ಬಂದಿದ್ದರು, ಅದನ್ನು ಹೇಳಲೇಬೇಕು.

ನಿಮ್ಮ ಶಾಲೆಯಲ್ಲಿ ವಿಜ್ಞಾನಕ್ಕೇ ಬೇರೆ ಕೋಣೆಯಿದೆ. ಗಾಜಿನ ಸಾಮಾನು ಒಡೆದರೆ ಬೇರೆ ಬರುತ್ತದೆ. ನಿಮ್ಮ ಟೀಚರು ತರಬೇತಿಗೆ ಹೋದರೆ ಪಕ್ಕದ ತರಗತಿಯ ಟೀಚರು ಬಂದು ಪಾಠ ಮಾಡುತ್ತಾರೆ. ಎಷ್ಟೋ ಸಲ ನಿಮ್ಮ ಟೀಚರು ಮನೆಯಲ್ಲಿ ಕೂತೇ ಮೊಬೈಲಿನಲ್ಲಿ ತರಬೇತಿ ಮುಗಿಸುತ್ತಾರಂತೆ, ಒಂದು ಕೈಯಲ್ಲಿ ಸಾರು ಕಲಕುತ್ತಾ. ಒಳ್ಳೆಯದೇ. ಬೀಜ ಮೊಳೆಯುವುದನ್ನು ನಿಮಗೆ ಪರದೆಯ ಮೇಲೆ ತೋರಿಸಿದರು, ಅರ್ಧ ನಿಮಿಷಕ್ಕೆ ಎಲೆಯೂ ಬಿಟ್ಟಿತು ಎಂದಿರಿ. ಅದನ್ನೂ ಬೇಡ ಎನ್ನುವುದಿಲ್ಲ.

ಮೊನ್ನೆ ನಿಮ್ಮಲ್ಲಿ ಒಬ್ಬಳು ಕೇಳಿದಳು, "ಅಜ್ಜಿ, ಸುಮ್ನೆ ಎಂಟು ಅಂದಿದ್ರೆ ಏನಾಗ್ತಿತ್ತು?" ಏನೂ ಆಗುತ್ತಿರಲಿಲ್ಲ. ನಾನು ಇನ್ನೊಂದೆರಡು ವರ್ಷ ಕೂತಿರುತ್ತಿದ್ದೆ. ಹಾಗೆ ಅಂದಿದ್ದರೆ ಚೆನ್ನಾಗಿತ್ತು ಎಂದು ಬುಟ್ಟಿ ಇಳಿಸಿದಾಗಲೆಲ್ಲ ಅನಿಸಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಆಮೇಲೆ ಮಂಡಿ ಸೋಲುವವರೆಗೆ ಆ ಮಡಿಗಳಲ್ಲಿ ಬೀಜ ಊರಿದವಳು ನಾನು. ಒಂದು ಸಸಿಯೂ ಎಂಟು ದಿನಕ್ಕೆ ಹುಟ್ಟಲಿಲ್ಲ.