ಕಚ್ಚಲಾಗದ ಬೆಲ್ಲ

ಹೊಸಪೇಟೆಯಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ನಮ್ಮ ಕಂಪ್ಲಿಯ ಕಬ್ಬಿನ ಗಾಣಗಳು ಒಂದೊಂದಾಗಿ ನಿಂತವು. ಕಬ್ಬು ಬೆಳೆಯುವವರು ಗಾಡಿ ಕಟ್ಟಿಕೊಂಡು ಅತ್ತ ಹೋದರು. ಅವರನ್ನು ಬಯ್ಯುವಂತಿರಲಿಲ್ಲ, ಎಷ್ಟು ತಂದು ಹಾಕಿದರೂ ಕಾರ್ಖಾನೆ ಬೇಡ ಅನ್ನುತ್ತಿರಲಿಲ್ಲ. ನಮ್ಮದು ಒಂದೇ ಗಾಣ, ಒಂದು ಕೊಪ್ಪರಿಗೆ, ಒಂದು ಜೋಡಿ ಎತ್ತು. ಮಾವನವರ ತರುವಾಯ ಯಜಮಾನರು ಅದನ್ನು ನಡೆಸುತ್ತಿದ್ದರು. ಇಬ್ಬರು ಹಿಡಿದು ಎತ್ತಬೇಕಾದಂಥ ಬೆಲ್ಲದ ಪೆಂಟೆ ಹಾಕಿ ಹೊಸಪೇಟೆ ಸಂತೆಗೆ ಕಳಿಸುವುದು, ಅವರ ಅಜ್ಜನ ಕಾಲದಿಂದಲೂ ಅಷ್ಟೇ ಕಸುಬು. ಆ ವರ್ಷ ಪೆಂಟೆಗಳು ಹೋದ ಗಾಡಿಯಲ್ಲೇ ಹಿಂದಕ್ಕೆ ಬಂದವು. ಯಜಮಾನರು ಊಟಕ್ಕೆ ಕುಳಿತು, ಮುಂದಿನ ಸುಗ್ಗಿಯೂ ಹೀಗೇ ಆದರೆ ಎತ್ತು ಮಾರಿ ಗಾಣ ನಿಲ್ಲಿಸುತ್ತೇನೆ, ನಾನೂ ಕಾರ್ಖಾನೆಗೆ ಕೂಲಿ ಹೋಗುತ್ತೇನೆ ಎಂದರು. ಅತ್ತೆ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ಎತ್ತು ಮಾರೋ ಮಾತು ನಾ ಸತ್ತ ಮ್ಯಾಲ ಆಡು," ಅಂದರು.

ದಿನಾ ಲಿಂಗಪೂಜೆ ಮುಗಿಸಿ, ಶಿವ ಏನೇನು ಕೊಟ್ಟಿದ್ದಾನೆ ಎಂದು ಒಮ್ಮೆ ನೆನೆಸಿಕೊಳ್ಳುವುದು ನನ್ನ ರೂಢಿ. ಆ ದಿನಗಳಲ್ಲಿ ನೆನೆಸುವುದಕ್ಕೆ ಭಾಳ ಇರಲಿಲ್ಲ. ಒಲೆ ಉರಿಯುತ್ತಿದೆ, ಎತ್ತು ಮೇವು ತಿನ್ನುತ್ತಿವೆ, ಗಂಡ ಮನೆಯಲ್ಲೇ ಇದ್ದಾನೆ. ಅಷ್ಟಕ್ಕೇ ಕೈ ಮುಗಿದು ಏಳುತ್ತಿದ್ದೆ.

ಒಂದು ಸೋಮವಾರ ಅತ್ತೆಯ ಜೊತೆ ಹಂಪಿಗೆ ಹೋಗಿದ್ದೆ. ವಿರೂಪಾಕ್ಷನ ದರ್ಶನ ಮಾಡಿಕೊಂಡು ಬಂದು ನೆರಳಿಗೆ ಕುಳಿತಿದ್ದಾಗ, ದೂರದೂರಿನ ಯಾತ್ರೆಯ ಹೆಂಗಸೊಬ್ಬಳು ಅಂಗಡಿಯಲ್ಲಿ ಪಾನಕಕ್ಕೆ ಒಂದು ಚೂರು ಬೆಲ್ಲ ಕೇಳಿದಳು. ಅಂಗಡಿಯವನು ಗೊಣಗುತ್ತಾ ಹಾರೆಯಿಂದ ಪೆಂಟೆ ಕುಟ್ಟಿದ. ಅರ್ಧ ಬೆಲ್ಲ ಅವಳ ಸೆರಗಿಗೆ, ಅರ್ಧ ನೆಲಕ್ಕೆ, ಮೇಲೆ ನೊಣ. ಆ ಚೂರನ್ನು ನಾವೇ ಸಣ್ಣ ಅಚ್ಚಿನಲ್ಲಿ ಎರೆದುಕೊಟ್ಟರೆ ಆಗದೇ ಎಂದು ಅತ್ತೆಯನ್ನು ಕೇಳಿದೆ. ಅವರು ಮನೆಗೆ ಬಂದವರೇ ಬಡಿಗನಿಗೆ ಹೇಳಿಕಳಿಸಿದರು.

ಯಜಮಾನರಿಗೆ ಅದು ಹುಡುಗರ ಆಟದಂತೆ ಕಂಡಿತು. ಆದರೂ ತಾಯಿಯ ಮಾತು ಮೀರಲಿಲ್ಲ. ಅಚ್ಚು ಹೇಗಿರಬೇಕೆಂದು ಬಡಿಗನಿಗೆ ಹೇಳಿದವಳು ನಾನು. ಮೂಲೆ ಇದ್ದರೆ ಉದುರುತ್ತದೆ, ಅದಕ್ಕೆ ತಲೆ ದುಂಡಗಿರಲಿ. ಅಂಗಡಿಯ ಹಲಗೆಯ ಮೇಲೆ ಉರುಳಬಾರದು, ಅದಕ್ಕೆ ಬುಡ ಅಗಲವಾಗಿರಲಿ. ಅವನು ಹಾಗೇ ಕೊರೆದುಕೊಟ್ಟ. ಅಚ್ಚುಗಳನ್ನು ನೀರಲ್ಲಿ ನೆನೆಸಿ, ಬಿಸಿ ಪಾಕ ಹೊಯ್ದು, ಆರಿದ ಮೇಲೆ ತಟ್ಟಿದರೆ ಒಂದೊಂದೂ ಮುಷ್ಟಿಯಲ್ಲಿ ಹಿಡಿಯುವಷ್ಟು, ಕರ್ರಗೆ ಮಿರಿಮಿರಿ ಮಿಂಚುತ್ತಾ ಬಿದ್ದವು. ಹಂಪಿಗೆ, ಹೊಸಪೇಟೆಗೆ, ಸಂಡೂರಿನ ಬೆಟ್ಟದಲ್ಲಿ ಅದಿರು ಅಗೆಯುವವರ ಅಂಗಡಿಗೆ ಕಳಿಸಿದೆವು. ಇಟ್ಟಷ್ಟೂ ಹೋಯಿತು. ಅತ್ತೆ ತೆಂಗಿನಕಾಯಿ ಒಡೆದರು. ಇನ್ನಷ್ಟು ಕಬ್ಬು ತಂದು ಅರೆದು, ಅಚ್ಚಿಗೆ ಹೊಯ್ದು, ಮೂಟೆ ಕಟ್ಟಿ ಕಾಯುತ್ತಾ ಕುಳಿತೆವು.

ಮತ್ತೆ ಬೇಕೆಂದು ಯಾರೂ ಕೇಳಲಿಲ್ಲ. ರುಚಿ ಕೆಟ್ಟಿತೇ ಎಂದು ನಾನು ಚೂರು ಚೂರೇ ತಿಂದು ನೋಡಿದೆ, ಚೆನ್ನಾಗಿಯೇ ಇತ್ತು. ಕೊನೆಗೆ ಯಜಮಾನರು ವಿಚಾರಿಸಿಕೊಂಡು ಬರಲು ಸಂಡೂರಿಗೆ ಹೋದರು. ಬಂದವರು ಚಪ್ಪಲಿಯನ್ನೂ ಬಿಡದೆ ಕಟ್ಟೆಯ ಮೇಲೆ ಕುಳಿತು ನಗತೊಡಗಿದರು. ಅಲ್ಲಿಯ ಅಂಗಡಿಕಾರ ಹೇಳಿದ್ದನ್ನು ಅವನ ಧಾಟಿಯಲ್ಲೇ ಹೇಳಿದರು:

"ಅಣ್ಣಾರ, ನಿಮ್ಮ ಬೆಲ್ಲ ಯಾರ ತಿಂತಾರ್ರೀ? ದೇವ್ರ ಜಗಲಿ ಮ್ಯಾಲ ಇಟ್ಟು ಕೈ ಮುಗಿಯಾಕತ್ತಾರ."

ದುಂಡು ತಲೆ, ಅಗಲ ಬುಡ, ಕರೀ ಬಣ್ಣ. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು. ನನ್ನ ಕಣ್ಣಿಗೇ ಕಂಡಿರಲಿಲ್ಲ. ಮನೆಮನೆಯಲ್ಲೂ ಹೆಂಗಸರು ಅದಕ್ಕೆ ವಿಭೂತಿ ಹಚ್ಚಿ ಹೂ ಇಟ್ಟಿದ್ದರಂತೆ. ಒಬ್ಬ ಕೂಲಿಯವನು ಹಸಿವಿಗೆ ಕಲ್ಲಿನಿಂದ ಜಜ್ಜಲು ಹೋಗಿ ತಾಯಿಯ ಕೈಲಿ ಏಟು ತಿಂದನಂತೆ. ಇರುವೆಗಳು ಮಾತ್ರ ಮನಸಾರೆ ಪ್ರಸಾದ ತೆಗೆದುಕೊಂಡವು. ಅತ್ತೆ ಒಂದನ್ನು ಅಂಗೈ ಮೇಲೆ ಇಟ್ಟು ನೋಡಿ, ಕಣ್ಣಿಗೆ ಒತ್ತಿಕೊಂಡು, ನನ್ನ ಕಡೆ ತಿರುಗಿದರು.

"ಅಲ್ಲವ್ವಾ, ನೀ ಬೆಲ್ಲ ಎಲ್ಲಿ ಮಾಡೀದಿ, ದೇವ್ರನ್ನ ಮಾಡೀದಿ. ದೇವ್ರು ಒಂದ ಸಲ ಮನಿಗೆ ಬಂದ್ರ ಸಾಕಾತು. ವಾರಾವಾರಾ ಯಾರು ಕೊಳ್ತಾರ?"

ಉಳಿದ ಮೂಟೆಯ ಬೆಲ್ಲದಚ್ಚುಗಳನ್ನು ಒಡೆಯುವುದಕ್ಕೆ ನಮಗೂ ಕೈ ಬರಲಿಲ್ಲ. ಅತ್ತೆಯೇ ದಾರಿ ಕಂಡರು. ನೀರಲ್ಲಿ ತಾವಾಗಿ ಕರಗುವಂತೆ ಬಿಟ್ಟು, ಒಣಶುಂಠಿ, ಮೆಣಸು ಕುಟ್ಟಿ ಹಾಕಿ, ಹೋಗಿಬರುವವರಿಗೆಲ್ಲ ಪಾನಕ ಕೊಟ್ಟರು. ಸಂಡೂರಿನ ಗಣಿಗೆ ಕೆಲಸಕ್ಕೆ ಹೋಗುತ್ತಿದ್ದ ನಮ್ಮ ಓಣಿಯವನೊಬ್ಬ ಊರಿಗೆ ಬಂದಿದ್ದ. ಎರಡು ತಂಬಿಗೆ ಕುಡಿದು ಗಂಟಲು ಸವರಿಕೊಂಡ.

"ಅದಿರಿನ ಧೂಳು ಹಿಡ್ಕೊಂಡಿತ್ತು ನೋಡ್ರಿ ಯವ್ವಾ, ಈಗ ಇಳೀತು. ಇದನ್ನ ಕಿಸೇದಾಗ ಇಟ್ಕೊಂಡು ಹೋಗಂಗಿದ್ರ ಭಾಳ ಚಲೋ ಆಗ್ತಿತ್ತು."

ಅವನೇನೋ ಮಾತಿಗೆ ಹೇಳಿ ಹೋದ. ಯಜಮಾನರು ಕೇಳಿಸಿಕೊಂಡವರೇ ಬಡಿಗನ ಮನೆಗೆ ಹೊರಟರು. ಈ ಸಲ ಚಪ್ಪಟೆ ಅಚ್ಚು, ಚೌಕ, ನಡುವೆ ಗೆರೆ. ಬೆರಳಿನಿಂದ ಅದುಮಿದರೆ ತುಂಡಾಗಬೇಕು. ಪಾಕ ಇಳಿಸುವ ಹೊತ್ತಿಗೆ ಶುಂಠಿ, ಮೆಣಸಿನ ಪುಡಿ ಹಾಕಿ ತಿರುವಿದೆ. ಎಲ್ಲರೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆವು, ಯಾವ ದೇವರ ಹಾಗೂ ಕಾಣುತ್ತಿರಲಿಲ್ಲ. ಮೊದಲ ಗಾಡಿ ಸಂಡೂರಿಗೆ ಹೋದ ವಾರದೊಳಗೇ ಅಂಗಡಿಕಾರ ಆಳು ಕಳಿಸಿದ: ಇದ್ದಷ್ಟೂ ಕೊಡ್ರಿ.

ಮರು ಸುಗ್ಗಿಗೆ ಕಂಪ್ಲಿಯಲ್ಲಿ ಇನ್ನೂ ಕೆಲವರು ಚೌಕದ ಬೆಲ್ಲ ಎರೆದರು. ಯಜಮಾನರು ಜಗಳಕ್ಕೆ ಹೊರಟು ನಿಂತಿದ್ದರು. ಅತ್ತೆ ಬಾಗಿಲಿಗೆ ಅಡ್ಡ ಕುಳಿತು, ಅವರೂ ಉಣ್ಣಬೇಕಲ್ಲ, ನೀನು ಬೇರೆ ಏನಾದರೂ ಮಾಡು ಎಂದರು. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆಂದು ಎಲ್ಲರೂ ಆಗ ಕೈ ಕಟ್ಟಿ ಕೂರುತ್ತಿದ್ದರು. ನಾನು ಮುತ್ತುಗದ ಒಣ ಎಲೆಯಲ್ಲಿ ಒಂದೊಂದನ್ನೇ ಬಿಗಿಯಾಗಿ ಸುತ್ತಿ, ಬೂದಿಯ ಮೇಲೆ ಹುಲ್ಲು ಹರಡಿದ ಗಡಿಗೆಯಲ್ಲಿಟ್ಟು ನೋಡಿದೆ. ಶ್ರಾವಣಕ್ಕೆ ತೆಗೆದಾಗ ಗಟ್ಟಿಯಾಗಿಯೇ ಇತ್ತು. ಹಬ್ಬಗಳ ಕಾಲಕ್ಕೆ ಸರಿಯಾಗಿ ನಮ್ಮ ಬಳಿ ಮಾತ್ರ ಚೆಂದದ ಬೆಲ್ಲ. ಅದರ ಮುಂದಿನ ವರ್ಷ ಹಂಪಿಯ ಯಾತ್ರಿಕರಿಗೆಂದು ಏಲಕ್ಕಿಯದು. ಆಮೇಲೊಮ್ಮೆ ಎಳ್ಳು ಹಾಕಿದೆ. ಕಮಟು ಹಿಡಿದು ಎತ್ತುಗಳ ಪಾಲಾಯಿತು. ಶೇಂಗಾ ಹಾಕಿದ್ದು ಜನಕ್ಕೆ ಹಿಡಿಸಿತು. ಪ್ರತಿ ಸುಗ್ಗಿಯ ಕೊನೆಗೆ ಗಾಣ ತೊಳೆದು ಹೋಳಿಗೆ ಊಟಕ್ಕೆ ಕುಳಿತರೆ, ಅತ್ತೆ ತುಪ್ಪ ಬಡಿಸುವ ಮೊದಲು ಕೇಳುತ್ತಿದ್ದದ್ದು ಒಂದೇ: ಮುಂದಿನ ಸಲ ಏನು? ಉತ್ತರ ಹೇಳದಿದ್ದರೆ ತುಪ್ಪ ಇಲ್ಲ. ಯಜಮಾನರು ತುಪ್ಪದ ಆಸೆಗೆ ಏನೇನೋ ಹೇಳುತ್ತಿದ್ದರು. ಅದರಲ್ಲಿ ಒಂದೆರಡು ನಿಜಕ್ಕೂ ಆಗಿಬಂದವು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಎಮ್ಮಿಗನೂರಿನ ರೈತರೊಬ್ಬರು ಬೆಳಿಗ್ಗೆಯೇ ಅಂಗಳಕ್ಕೆ ಬಂದರು. ಹಿಂದೆ ನಮ್ಮ ಗಾಣಕ್ಕೆ ಕಬ್ಬು ಹಾಕುತ್ತಿದ್ದವರು, ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ತಿರುಗಿದವರು. ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಳ್ಳುತ್ತಾ, ಈ ಸಲ ಅರ್ಧ ಹೊಲದ ಕಬ್ಬು ನಿಮಗೇ ಹಾಕಬೇಕೆಂದಿದ್ದೇನೆ, ತಗೊಳ್ತೀರಾ ಎಂದು ಕೇಳಿದರು. ಯಜಮಾನರು ಹಳೆಯದನ್ನು ಎತ್ತಲಿಲ್ಲ.

"ಕುಂದರ್ರಿ, ಮೊದಲು ನೀರು ಕುಡೀರಿ. ತಗೊಳ್ಳಾಕ ಏನೂ ಅಡ್ಡಿ ಇಲ್ಲ. ಆದ್ರ ಒಂದ ಗಾಣ ಸಾಲಂಗಿಲ್ಲ ಈಗ."

ಅದನ್ನು ಹೇಳುವಾಗ ಅವರ ದನಿ ಒಂದಿಷ್ಟು ಏರಿತ್ತು. ಒಳಗೆ ಹಿಟ್ಟು ನಾದುತ್ತಿದ್ದ ನನಗೆ ಕೇಳಲಿ ಎಂದೇ ಹಾಗೆ ಹೇಳಿದರೆಂದು ನನಗೆ ಗೊತ್ತು. ಅತ್ತೆಗೂ ಕೇಳಿತು, ಅವರು ಎದ್ದು ಹೋಗಿ ಹಿತ್ತಲಿನಲ್ಲಿ ಎರಡನೆಯ ಗಾಣ ಎಲ್ಲಿ ನಿಲ್ಲಬೇಕೆಂದು ಕೋಲಿನಿಂದ ಗೆರೆ ಎಳೆದು ಬಂದರು. ದೀಪಾವಳಿಯ ಹೊತ್ತಿಗೆ ಅದು ಎದ್ದು ನಿಂತಿತು. ಎರಡು ಜೋಡಿ ಎತ್ತು ತಮ್ಮ ತಮ್ಮ ಗಾಣ ಸುತ್ತುತ್ತಿದ್ದವು, ಎರಡು ಕೊಪ್ಪರಿಗೆಯಿಂದಲೂ ಆವಿ ಏಳುತ್ತಿತ್ತು. ಆ ಸುಗ್ಗಿ ಮುಗಿಯುವ ತನಕ ನಮ್ಮ ಒಲೆಯ ಬೆಂಕಿ ಆರಲಿಲ್ಲ.